ಸಂವಿಧಾನ ರಚನಾ ಸಭೆಯಲ್ಲಿ ಟಿ. ಚನ್ನಯ್ಯನವರ ಮಾತು: ‘ಹಿಂದುಳಿದ ವರ್ಗ’ ಎಂಬ ಪದದ ಅರ್ಥವಿಚಾರ

೧

ಶಾಸನಸಭೆಗಳ ನಡವಳಿಕೆಗಳನ್ನು ಅಭ್ಯಾಸ ಮಾಡುವವರ ದೃಷ್ಟಿ ಸಾಮಾನ್ಯವಾಗಿ ಮುಂದಿನ ಸಾಲಿನವರ ಮೇಲೆಯೇ ನಿಲ್ಲುತ್ತದೆ. ನಿರ್ಣಯವನ್ನು ಮಂಡಿಸಿದವರು ಯಾರು, ತಿದ್ದುಪಡಿಯನ್ನು ಸೂಚಿಸಿದವರು ಯಾರು, ಕೊನೆಯಲ್ಲಿ ಉತ್ತರ ಹೇಳಿದವರು ಯಾರು ಎಂಬಷ್ಟನ್ನು ತಿಳಿದರೆ ಚರ್ಚೆಯನ್ನೆಲ್ಲ ತಿಳಿದಂತಾಯಿತೆಂದು ಭಾವಿಸುವುದು ರೂಢಿಯಾಗಿದೆ. ನಡುವೆ ಎದ್ದು ನಿಂತು ನಾಲ್ಕು ಮಾತನಾಡಿ ಕುಳಿತವರನ್ನು ‘ಇತರ ಸದಸ್ಯರು’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತೇವೆ. ಭಾರತದ ಸಂವಿಧಾನ ರಚನಾ ಸಭೆಯ ವಿಷಯದಲ್ಲಂತೂ ಈ ರೂಢಿ ಇನ್ನೂ ಪ್ರಬಲವಾಗಿದೆ. ಅಂಬೇಡ್ಕರ್, ನೆಹರೂ, ಪಟೇಲ್, ಮುನ್ಷಿ, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಮುಂತಾದವರ ಮಾತುಗಳು ಮತ್ತೆ ಮತ್ತೆ ಉದ್ಧೃತವಾಗುತ್ತವೆ. ಮೈಸೂರು ಸಂಸ್ಥಾನದಿಂದ ಹೋಗಿದ್ದ ಏಳು ಮಂದಿ ಅಲ್ಲಿ ಏನು ಹೇಳಿದರೆಂಬುದು ನಮ್ಮ ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಹೆಚ್ಚಾಗಿ ನೆನಪಿನಲ್ಲಿಲ್ಲ.

ಪ್ರಕೃತ ಲೇಖನದಲ್ಲಿ ಆ ಏಳು ಮಂದಿಯಲ್ಲಿ ಒಬ್ಬರಾದ ಟಿ. ಚನ್ನಯ್ಯನವರು ೧೯೪೮ನೆಯ ಇಸವಿ ನವೆಂಬರ್ ೩೦ರಂದು ಆಡಿದ ಒಂದು ಚಿಕ್ಕ ಭಾಷಣವನ್ನು ವಿಮರ್ಶಿಸಲು ಯತ್ನಿಸುತ್ತೇವೆ. ಅವರ ಜೀವನಚರಿತ್ರೆಯನ್ನು ಬರೆಯುವುದು ನಮ್ಮ ಉದ್ದೇಶವಲ್ಲ. ಆಡಿದ ಮಾತಿನ ಅರ್ಥವೇನು, ಅದಕ್ಕೆ ಆಧಾರವೇನು, ಅದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದಷ್ಟೇ ನಮಗೆ ಪ್ರಸಕ್ತ.

ಈ ವಿಚಾರ ಕೇವಲ ಇತಿಹಾಸಾಸಕ್ತರದಲ್ಲ. ಬೆಂಗಳೂರಿನ ದಕ್ಷಿಣಕ್ಕೆ ಜಯನಗರ ಬಡಾವಣೆಗೆ ಅಸ್ತಿಭಾರ ಬಿದ್ದದ್ದೂ ೧೯೪೮ರಲ್ಲಿಯೇ. ಇಂದು ಆ ಜಯನಗರದಲ್ಲಿಯೂ ಅದರ ಆಚೆ ಬೆಳೆದ ಬನಶಂಕರಿ, ಜೆ. ಪಿ. ನಗರಗಳಲ್ಲಿಯೂ ಇರುವ ಕಾಲೇಜುಗಳ ಸೂಚನಾಫಲಕಗಳಲ್ಲಿ ಪ್ರವೇಶದ ಕಾಲ ಬಂದಿತೆಂದರೆ ಪ್ರವರ್ಗ ೧, ೨ಎ, ೨ಬಿ, ೩ಎ, ೩ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂಬ ಶೀರ್ಷಿಕೆಗಳ ಕೆಳಗೆ ಅಂಕಿಗಳು ಕಾಣಿಸುತ್ತವೆ. ಅವುಗಳ ಮುಂದೆ ನಿಂತ ವಿದ್ಯಾರ್ಥಿಗಳ ನಡುವೆ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಹಿಂದುಳಿದವರೆಂದರೆ ಯಾರೆಂಬುದನ್ನು ಸಂವಿಧಾನವೇ ಹೇಳಿಲ್ಲ ಎಂಬುದೊಂದು. ಮೀಸಲಾತಿಯನ್ನು ಮೊದಲು ಇಟ್ಟದ್ದು ಹತ್ತು ವರ್ಷಕ್ಕೆ ಮಾತ್ರ ಎಂಬುದು ಇನ್ನೊಂದು. ಈ ಎರಡು ಪ್ರಶ್ನೆಗಳೂ ಆ ದಿನ ಸಭೆಯಲ್ಲಿ ಎದ್ದಿದ್ದವು. ಎರಡಕ್ಕೂ ಚನ್ನಯ್ಯನವರು ಉತ್ತರ ಹೇಳಿದರು. ಆದಕಾರಣ ಅವರ ಮಾತನ್ನು ಹುಡುಕಿ ಓದುವುದು ನಮ್ಮ ಇಂದಿನ ಅಗತ್ಯಕ್ಕೂ ಸಂಬಂಧಪಟ್ಟದ್ದಾಗಿದೆ.

೨

ಮೊದಲು ಚರ್ಚೆಯ ಸಂದರ್ಭವನ್ನು ತಿಳಿಯಬೇಕು. ಮೈಸೂರಿನ ಪ್ರತಿನಿಧಿಗಳು ಸಂವಿಧಾನ ರಚನಾ ಸಭೆಯನ್ನು ಸೇರಿದ್ದು ೧೯೪೭ರ ಜುಲೈನಲ್ಲಿ. ಸಂಸ್ಥಾನದ ಏಳು ಸ್ಥಾನಗಳಲ್ಲಿ ಚನ್ನಯ್ಯನವರ ಜೊತೆಗೆ ಕಂಡುಬರುವ ಹೆಸರುಗಳು ಸಾಮಾನ್ಯರವಲ್ಲ. ಜವಾಬ್ದಾರಿ ಸರ್ಕಾರದ ಮೊದಲ ಮುಖ್ಯಮಂತ್ರಿಗಳಾದ ಕೆ. ಚೆಂಗಲರಾಯ ರೆಡ್ಡಿ, ಮುಂದೆ ಮುಖ್ಯಮಂತ್ರಿಗಳಾದ ಕೆ. ಹನುಮಂತಯ್ಯ, ೧೯೩೮ರ ಶಿವಪುರ ಧ್ವಜಸತ್ಯಾಗ್ರಹದ ಮುಖಂಡರಾದ ಟಿ. ಸಿದ್ಧಲಿಂಗಯ್ಯ, ಮುಂದೆ ರಾಜ್ಯಸಭೆಯ ಉಪಸಭಾಪತಿಗಳಾದ ಎಸ್. ವಿ. ಕೃಷ್ಣಮೂರ್ತಿ ರಾವ್, ಹೆಚ್. ಸಿದ್ಧವೀರಪ್ಪ, ಹೆಚ್. ಆರ್. ಗುರುವರೆಡ್ಡಿ, ಇವರು ಆ ಪಟ್ಟಿಯಲ್ಲಿದ್ದವರು. ಇವರ ನಡುವೆ ಚನ್ನಯ್ಯನವರ ಹೆಸರು ಹಿಂದಿನ ಸಾಲಿಗೆ ಸೇರಿದ್ದು.

ಚರ್ಚೆಗೆ ಬಂದದ್ದು ಕರಡು ಸಂವಿಧಾನದ ಹತ್ತನೆಯ ಅನುಚ್ಛೇದ. ಈಗ ಅದು ಹದಿನಾರನೆಯದು. ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶವಿರಬೇಕೆಂದು ಅದರ ಮೊದಲನೆಯ ಖಂಡ ಹೇಳುತ್ತದೆ. ಮತ, ಕುಲ, ಜಾತಿ, ಲಿಂಗ ಮೊದಲಾದ ಕಾರಣಗಳಿಂದಲೇ ಯಾರನ್ನೂ ಅನರ್ಹರೆನ್ನಬಾರದೆಂದು ಎರಡನೆಯದು ಹೇಳುತ್ತದೆ. ನೌಕರಿಗಳಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲವೆಂದು ರಾಜ್ಯವು ಭಾವಿಸುವ ಯಾವುದೇ ಹಿಂದುಳಿದ ವರ್ಗಕ್ಕಾಗಿ ಹುದ್ದೆಗಳನ್ನು ಕಾದಿರಿಸಲು ಅಡ್ಡಿಯಿಲ್ಲವೆಂಬುದು ಮೂರನೆಯ ಖಂಡ. ೧೯೪೭ರ ಏಪ್ರಿಲ್‌ನಲ್ಲಿ ಮೂಲಭೂತ ಹಕ್ಕುಗಳ ವಿಷಯ ಸಭೆಯ ಮುಂದೆ ಮೊದಲು ಬಂದಾಗ ಈ ವಾಕ್ಯದಲ್ಲಿ ‘ಹಿಂದುಳಿದ’ ಎಂಬ ವಿಶೇಷಣವಿರಲಿಲ್ಲ. ಪ್ರಾತಿನಿಧ್ಯ ಸಾಲದ ವರ್ಗಗಳು ಎಂದಷ್ಟೇ ಇತ್ತು. ೧೯೪೮ರ ಫೆಬ್ರವರಿಯಲ್ಲಿ ಕರಡು ಸಮಿತಿ ಒಪ್ಪಿಸಿದ ಪಾಠದಲ್ಲಿ ಆ ವಿಶೇಷಣ ಸೇರಿತ್ತು. ಈ ಒಂದು ಪದದ ಸುತ್ತ ನವೆಂಬರ್ ೩೦ರ ಚರ್ಚೆ ಬಹುಮಟ್ಟಿಗೆ ತಿರುಗಿತು.

ದಾಮೋದರ ಸ್ವರೂಪ ಸೇಠ್ ಮತ್ತು ಲೋಕನಾಥ ಮಿಶ್ರರು ಮೂರನೆಯ ಖಂಡವೇ ಬೇಡವೆಂದರು. ಅಜೀಜ್ ಅಹಮದ್ ಖಾನರು ಖಂಡವಿರಲಿ, ‘ಹಿಂದುಳಿದ’ ಎಂಬ ಪದ ಹೋಗಲಿ ಎಂದರು. ಧರ್ಮಪ್ರಕಾಶರು ಆ ಪದ ಅಸ್ಪಷ್ಟವಾದುದರಿಂದ ಪರಿಶಿಷ್ಟ ವರ್ಗವೆಂಬ ಅರ್ಥದ ಪದವೇ ಲೇಸೆಂದರು. ಹೃದಯನಾಥ ಕುಂಜ್ರು ಅವರು ಈ ಅವಕಾಶ ಸಂವಿಧಾನ ಜಾರಿಗೆ ಬಂದ ಮೇಲೆ ಹತ್ತು ವರ್ಷಗಳವರೆಗೆ ಮಾತ್ರ ಇರಬೇಕೆಂದು ತಿದ್ದುಪಡಿ ತಂದರು. ಮದರಾಸಿನ ಟಿ. ಟಿ. ಕೃಷ್ಣಮಾಚಾರಿಯವರು ಹಿಂದುಳಿದಿರುವಿಕೆಗೆ ಜಾತಿ ಅಳತೆಯೋ ಅಕ್ಷರಜ್ಞಾನ ಅಳತೆಯೋ ಎಂದು ಕೇಳಿ, ಹೀಗೆ ಬಿಟ್ಟರೆ ಸಂವಿಧಾನ ವಕೀಲರ ಪಾಲಿಗೆ ಸ್ವರ್ಗವಾಗುವುದೆಂದು ಹಾಸ್ಯಮಾಡಿದರು. ಇಷ್ಟು ಆಕ್ಷೇಪಣೆಗಳ ನಡುವೆ ಚನ್ನಯ್ಯನವರು ಮೂರನೆಯ ಖಂಡವನ್ನು ಬೆಂಬಲಿಸಲು ಎದ್ದರು.

೩

ಅವರ ಭಾಷಣದಲ್ಲಿ ನಮ್ಮ ಪರಿಶೀಲನೆಗೆ ಯೋಗ್ಯವಾದ ಅಂಶಗಳು ಎರಡು.

ಮೊದಲನೆಯದು ಅರ್ಥದ ಮಾತು. ಹಿಂದುಳಿದ ವರ್ಗವೆಂದರೆ ಏನೆಂಬುದು ತಿಳಿಯದೆಂದು ಉತ್ತರದ ಸದಸ್ಯರು ಹೇಳುತ್ತಿದ್ದಾಗ, ದಕ್ಷಿಣದಲ್ಲಿ ಆ ಪದಕ್ಕೆ ಬಳಕೆಯಲ್ಲಿರುವ ಅರ್ಥವನ್ನು ಅವರು ಸಭೆಯ ಮುಂದಿಟ್ಟರು. ದಕ್ಷಿಣ ಭಾರತದಲ್ಲಿ ಅದರಿಂದ ತಿಳಿಯುವುದು ವಿದ್ಯೆಯಲ್ಲಿ ಹಿಂದುಳಿದ ವರ್ಗಗಳೆಂದೂ, ಅವರಿಗೆ ನೌಕರಿಗಳಲ್ಲಿ ತಕ್ಕ ಪ್ರಾತಿನಿಧ್ಯ ಬೇಕೆಂದೂ ಹೇಳಿದರು. ಅಲ್ಲಿಗೆ ನಿಲ್ಲಿಸದೆ, ಇವರಲ್ಲದೆ ಸಾಮಾಜಿಕವಾಗಿ ಹಿಂದುಳಿದ ಬೇರೆ ವರ್ಗಗಳೂ ಇವೆಯೆಂದು, ಅವರಿಗೂ ಅಂಥದೇ ಪ್ರಾತಿನಿಧ್ಯ ಅಗತ್ಯವೆಂದು ಕೂಡಿಸಿದರು.

ಎರಡನೆಯದು ಅವಧಿಯ ಮಾತು. ಕುಂಜ್ರು ಅವರ ಹತ್ತು ವರ್ಷಗಳ ಮಿತಿಯನ್ನು ಅವರು ವಿರೋಧಿಸಿದರು. ಹತ್ತಕ್ಕೆ ಇಳಿಸುವುದಕ್ಕೆ ಬದಲಾಗಿ ನೂರೈವತ್ತು ವರ್ಷಗಳವರೆಗೆ ಮೀಸಲಾತಿ ಕೊಡಬೇಕೆಂದು, ಈ ಜನರಿಗೆ ಅವಕಾಶ ತಪ್ಪಿದ ಕಾಲ ಅಷ್ಟು ದೀರ್ಘವಾದುದೆಂದು ಅವರ ವಾದ.

ಭಾಷಣದ ಶೈಲಿಯ ವಿಷಯವಾಗಿ ಒಂದು ಮಾತು. ಇದರಲ್ಲಿ ವಾಗ್ಮಿತೆಯಿಲ್ಲ. ಪಾಶ್ಚಾತ್ಯ ಸಂವಿಧಾನಗಳ ಉದಾಹರಣೆಯಿಲ್ಲ, ನ್ಯಾಯಶಾಸ್ತ್ರದ ಪರಿಭಾಷೆಯಿಲ್ಲ, ತಮ್ಮದೆಂದು ಯಾವ ತಿದ್ದುಪಡಿಯೂ ಇಲ್ಲ. ಅದೇ ದಿನ ಮದರಾಸಿನ ಪಿ. ಕಕ್ಕನ್ ಅವರು ಹರಿಜನ ಅಭ್ಯರ್ಥಿಗಳಿಗೆ ಈವರೆಗೆ ತಕ್ಕ ನೇಮಕಗಳು ದೊರೆತಿಲ್ಲವೆಂದರು, ಮಧ್ಯಪ್ರಾಂತದ ಹೆಚ್. ಜೆ. ಖಾಂಡೇಕರ್ ಅವರು ಆರಿಸುವವರು ಬೇರೆ ಸಮುದಾಯದವರಾದುದರಿಂದ ಪರಿಶಿಷ್ಟರು ಅರ್ಜಿ ಹಾಕಿದರೂ ಆಯ್ಕೆಯಾಗುವುದಿಲ್ಲವೆಂದರು. ಆ ಮಾತುಗಳಲ್ಲಿರುವ ನೋವಿನ ಕಾವು ಚನ್ನಯ್ಯನವರಲ್ಲಿ ಮೇಲಕ್ಕೆ ಕಾಣಿಸದು. ಅವರು ನೀಡುವುದು ಸಾಕ್ಷ್ಯ: ನಿಮಗೆ ಅಪರಿಚಿತವಾದ ಈ ಪದ ನಮ್ಮಲ್ಲಿ ಬಹುಕಾಲದಿಂದ ನಡೆಯುತ್ತಿರುವ ನಾಣ್ಯ ಎಂಬ ಸಾಕ್ಷ್ಯ. ಹಿಂದಿನ ಸಾಲಿನ ಸದಸ್ಯನೊಬ್ಬ ರಾಷ್ಟ್ರಸಭೆಗೆ ಸಲ್ಲಿಸಬಹುದಾದ ಮುಖ್ಯ ಸೇವೆ ಇದೇ ಎಂದು ನಮ್ಮ ಅಭಿಪ್ರಾಯ. ತತ್ತ್ವವನ್ನು ಹೇಳುವವರು ಮುಂದಿನ ಸಾಲಿನಲ್ಲಿ ಬೇಕಾದಷ್ಟು ಮಂದಿ ಇರುತ್ತಾರೆ. ಆ ತತ್ತ್ವ ತನ್ನ ಸೀಮೆಯಲ್ಲಿ ಯಾವ ಹೆಸರಿನಿಂದ ಬದುಕಿದೆ ಎಂಬುದನ್ನು ಆ ಸೀಮೆಯಿಂದ ಬಂದವನೇ ಹೇಳಬೇಕು. ಮುಂಬಯಿ ಪ್ರಾಂತದ ಬಳಕೆಯನ್ನು ಕೆ. ಎಂ. ಮುನ್ಷಿಯವರು ಅದೇ ಚರ್ಚೆಯಲ್ಲಿ ವಿವರಿಸಿದರು. ಮೈಸೂರಿನ ಪ್ರತಿನಿಧಿಯ ಮಾತನ್ನು ಅದರ ಜೊತೆಗೆ ಇಟ್ಟು ಓದಿದಾಗ, ‘ಹಿಂದುಳಿದ’ ಎಂಬುದು ಕರಡು ಸಮಿತಿ ಸೃಷ್ಟಿಸಿದ ಹೊಸ ಪದವಲ್ಲ, ಆಡಳಿತದಿಂದ ಎತ್ತಿಕೊಂಡ ಹಳೆಯ ಪದ ಎಂಬುದು ಖಚಿತವಾಗುತ್ತದೆ.

೪

ಸಾಕ್ಷ್ಯವೆಂದ ಮೇಲೆ ಅದಕ್ಕೆ ಆಧಾರವಿರಬೇಕಷ್ಟೆ. ಚನ್ನಯ್ಯನವರ ಮಾತಿನ ಹಿಂದೆ ಮೈಸೂರಿನ ಮೂವತ್ತು ವರ್ಷಗಳ ಅನುಭವವಿತ್ತು. ೧೯೧೭ರಲ್ಲಿ ಪ್ರಜಾಮಿತ್ರಮಂಡಲಿ ಹುಟ್ಟಿತು. ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನವತ್ತಳೆಯನ್ನು ಸಲ್ಲಿಸಿದರು. ಸರ್ಕಾರವು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ಅತ್ಯಲ್ಪ ಭಾಗವಾದ ಒಂದೇ ಸಮುದಾಯ ದೊಡ್ಡ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊಂದಿದ್ದ ಕಾಲವದು. ಸಮಿತಿ ೧೯೧೯ರಲ್ಲಿ ವರದಿ ಒಪ್ಪಿಸಿತು. ೧೯೨೧ರಲ್ಲಿ, ಕಾಂತರಾಜ ಅರಸಿನವರು ದಿವಾನರಾಗಿದ್ದಾಗ, ಅದರ ಮುಖ್ಯ ಶಿಫಾರಸುಗಳನ್ನು ಅಂಗೀಕರಿಸಿ ಆಜ್ಞೆ ಹೊರಟಿತು. ಏಳು ವರ್ಷಗಳೊಳಗೆ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳಗಿನ ದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಲ್ಲುವಂತಾಗಬೇಕೆಂಬುದು ಗುರಿ. ಇದೇ ವಿಷಯದಲ್ಲಿನ ಭಿನ್ನಾಭಿಪ್ರಾಯ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುದಕ್ಕೆ ಕಾರಣವೆಂಬುದೂ ಎಲ್ಲರಿಗೂ ತಿಳಿದದ್ದೇ.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಿಲ್ಲರ್ ಸಮಿತಿಯ ಕಾಲದ ಅಳತೆಗೋಲು ವಿದ್ಯೆಯೇ ಆಗಿತ್ತು; ಅದರಲ್ಲಿಯೂ ಇಂಗ್ಲಿಷ್ ಅಕ್ಷರಜ್ಞಾನ. ಆ ಗೋಲಿನಿಂದ ಅಳೆದಾಗ ಬ್ರಾಹ್ಮಣರಲ್ಲದ ಹಿಂದೂ ಸಮುದಾಯಗಳೂ ಮುಸಲ್ಮಾನರೂ ಅಸ್ಪೃಶ್ಯರೆನಿಸಿದವರೂ ಒಂದೇ ಹೆಸರಿನ ಕೆಳಗೆ ಬಂದರು. ಭೂಮಿ, ಪಟೇಲಿಕೆ, ಮಠ, ಹಾಸ್ಟೆಲು, ಸಂಘಗಳ ಬಲವಿದ್ದ ಸಮುದಾಯವೂ ಹಿಂದುಳಿದದ್ದೇ. ಊರ ಕೆರೆಯ ನೀರು ಮುಟ್ಟಲಾರದ ಸಮುದಾಯವೂ ಹಿಂದುಳಿದದ್ದೇ. ವಿದ್ಯೆಯ ಬಾಗಿಲು ತೆರೆದೊಡನೆ ಮೊದಲಿನವರು ಒಳಗೆ ಹೋಗಬಲ್ಲವರು. ಎರಡನೆಯವರಿಗೆ ಬಾಗಿಲು ತೆರೆದರೂ ಹೊಸಲು ಇದ್ದೇ ಇರುತ್ತದೆ. ಒಂದು ಹೆಸರಿನ ಕೆಳಗೆ ಎರಡು ಅವಸ್ಥೆಗಳನ್ನು ಕೂಡಿಸಿದ್ದು ಮೈಸೂರು ಪದ್ಧತಿಯ ಹಿರಿಮೆಯೂ ಹೌದು, ಕೊರತೆಯೂ ಹೌದು.

ಈ ಹಿನ್ನೆಲೆಯಲ್ಲಿ ನೋಡಿದರೆ ಚನ್ನಯ್ಯನವರ ಎರಡನೆಯ ವಾಕ್ಯದ ತೂಕ ಗೊತ್ತಾಗುತ್ತದೆ. ಮೊದಲನೆಯ ವಾಕ್ಯ ಮೈಸೂರಿನ ಬಳಕೆಯನ್ನು ವರದಿಮಾಡುತ್ತದೆ. ಎರಡನೆಯದು ಅದನ್ನು ತಿದ್ದುತ್ತದೆ. ವಿದ್ಯೆಯಲ್ಲಿ ಹಿಂದುಳಿಯುವುದು ಬೇರೆ, ಸಮಾಜದಲ್ಲಿ ಹಿಂದಕ್ಕೆ ತಳ್ಳಲ್ಪಡುವುದು ಬೇರೆ ಎಂಬ ವಿವೇಚನೆ ಅಲ್ಲಿ ಅಡಗಿದೆ. ಅಡಗಿದೆ ಎಂದೆವು, ಅವರು ಅದನ್ನು ಬಿಡಿಸಿ ಹೇಳಲಿಲ್ಲ. ಆದರೆ ‘ಬೇರೆ ವರ್ಗಗಳೂ ಇವೆ’ ಎಂದು ಪ್ರತ್ಯೇಕವಾಗಿ ಎಣಿಸಿದ್ದೇ ಸಾಕು. ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ’ ಎಂಬ ಜೋಡುನುಡಿ ಕರಡು ಸಂವಿಧಾನದಲ್ಲಿಯೇ, ಆಯೋಗವನ್ನು ನೇಮಿಸುವ ಅನುಚ್ಛೇದದಲ್ಲಿ, ಆಗಲೇ ಇದ್ದಿತು. ಅಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಚನ್ನಯ್ಯನವರಲ್ಲಿ ಅವು ಎರಡು ವಾಕ್ಯಗಳಾಗಿ ಬರುತ್ತವೆ. ವ್ಯತ್ಯಾಸ ಸಣ್ಣದೆಂದು ತೋರಬಹುದು. ಮುಂದಿನ ಚರಿತ್ರೆ ಅದು ಸಣ್ಣದಲ್ಲವೆಂದು ಸಾರುತ್ತದೆ.

೫

ಇನ್ನು ಅವಧಿಯ ಮಾತು. ಕುಂಜ್ರು ಅವರನ್ನು ಹಿಂದುಳಿದವರ ವಿರೋಧಿಗಳೆಂದು ತಿಳಿಯುವುದು ಅನ್ಯಾಯ. ಶಾಸನಸಭೆಗಳಲ್ಲಿನ ಮೀಸಲು ಸ್ಥಾನಗಳಿಗೆ ಹತ್ತು ವರ್ಷಗಳ ಗಡುವನ್ನು ಯೋಚಿಸಿರುವಾಗ ನೌಕರಿಗಳಿಗೂ ಅದೇ ಗಡುವು ನ್ಯಾಯವೆಂಬುದು ಅವರ ತರ್ಕ. ಆಗಾಗ ಪುನರ್ವಿಮರ್ಶೆ ನಡೆಯದಿದ್ದರೆ ರಕ್ಷಣೆ ಎಂಬುದು ಹಕ್ಕಾಗಿ ಗಟ್ಟಿಯಾಗುವುದೆಂಬ ಅವರ ಭಯವೂ ನಿರಾಧಾರವಲ್ಲ. ಆದರೆ ಅವರ ಲೆಕ್ಕದಲ್ಲಿ ಕಾಲವು ಮುಂದಕ್ಕೆ ಮಾತ್ರ ಓಡುತ್ತದೆ. ಚನ್ನಯ್ಯನವರು ಅದನ್ನು ಹಿಂದಕ್ಕೆ ಎಣಿಸಿದರು. ಪರಿಹಾರದ ಅವಧಿಯನ್ನು ನಿರ್ಣಯಿಸುವಾಗ ನಷ್ಟದ ಅವಧಿಯನ್ನು ಕೇಳಬೇಡವೇ ಎಂಬುದು ಅವರ ಪ್ರಶ್ನೆ. ಸಾಲವನ್ನು ತೀರಿಸುವ ಗಡುವನ್ನು ಸಾಲಗಾರನೇ ಗೊತ್ತುಮಾಡುವುದುಂಟೆ?

ನೂರೈವತ್ತು ಎಂಬ ಸಂಖ್ಯೆಯ ವಿಷಯದಲ್ಲಿ ನಮ್ಮದೊಂದು ಊಹೆ. ೧೯೪೮ರಿಂದ ಅಷ್ಟು ವರ್ಷ ಹಿಂದಕ್ಕೆ ಹೋದರೆ ಶ್ರೀರಂಗಪಟ್ಟಣ ಬಿದ್ದ ೧೭೯೯ರ ಹತ್ತಿರಕ್ಕೆ ಬರುತ್ತೇವೆ. ಅಸ್ಪೃಶ್ಯತೆಯ ವಯಸ್ಸು ನೂರೈವತ್ತು ವರ್ಷವಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹೀಗಿರುವಲ್ಲಿ ಈ ಸಂಖ್ಯೆ ಸೂಚಿಸುವುದು ಜಾತಿಯ ಪ್ರಾಚೀನ ಚರಿತ್ರೆಯನ್ನಲ್ಲ, ಕಚೇರಿ, ಗುಮಾಸ್ತಿಕೆ, ಪರೀಕ್ಷೆ, ಸಂಬಳಗಳ ಮೇಲೆ ನಿಂತ ನೂತನ ಸರ್ಕಾರದ ಚರಿತ್ರೆಯನ್ನು ಎಂದು ತೋರುತ್ತದೆ. ಹಾಗಿದ್ದರೆ ವಾದ ಇನ್ನೂ ಬಿಗಿಯಾಗುತ್ತದೆ: ಸರ್ಕಾರವೇ ಅವಕಾಶ ತಪ್ಪಿಸಿದ ಕಾಲಕ್ಕೆ ಸರ್ಕಾರವೇ ಹೊಣೆ.

ಆದರೂ ವಿಮರ್ಶಕರಾಗಿ ಇಲ್ಲಿನ ಕೊರತೆಯನ್ನು ನಾವು ಮುಚ್ಚಿಡಲಾರೆವು. ಹತ್ತು ಎಂಬುದು ಹೇಗೆ ಪ್ರಮಾಣವಿಲ್ಲದ ಸಂಖ್ಯೆಯೋ ನೂರೈವತ್ತು ಎಂಬುದೂ ಹಾಗೆಯೇ. ಮೀಸಲಾತಿ ನಿಲ್ಲಬೇಕಾದದ್ದು ವರ್ಷಗಳು ತುಂಬಿದಾಗಲೋ, ಪ್ರಾತಿನಿಧ್ಯ ತುಂಬಿದಾಗಲೋ? ಖಂಡದ ಮಾತುಗಳೇ ಪ್ರಾತಿನಿಧ್ಯದ ಕೊರತೆಯನ್ನು ಕಾರಣವೆಂದು ಹೇಳುತ್ತಿರುವಾಗ, ಕೊರತೆ ಇರುವವರೆಗೆ ಅವಕಾಶ, ತೀರಿದಾಗ ಮುಕ್ತಾಯ ಎಂದು ವಾದಿಸಿದ್ದರೆ ಕುಂಜ್ರು ಅವರಿಗೆ ಅದಕ್ಕಿಂತ ಸಮರ್ಥವಾದ ಉತ್ತರವಿರುತ್ತಿರಲಿಲ್ಲ. ಚನ್ನಯ್ಯನವರು ಸಂಖ್ಯೆಗೆ ಸಂಖ್ಯೆಯನ್ನು ಎದುರುಮಾಡಿದರು. ಸಭೆಯಲ್ಲಿ ಅದು ಕಿವಿಗೆ ತಟ್ಟುವ ಮಾತು. ತರ್ಕದಲ್ಲಿ ಅರ್ಧ ದಾರಿಯ ಮಾತು. ಎರಡು ಬಗೆಯ ವರ್ಗಗಳನ್ನು ಎಣಿಸಿದ ಮೇಲೆ ಅವರವರ ಪಾಲು ಎಷ್ಟೆಂಬ ಪ್ರಶ್ನೆಯನ್ನು ಎತ್ತದೆ ಬಿಟ್ಟದ್ದು ಇನ್ನೊಂದು ಕೊರತೆ.

ಪರಿಣಾಮವೇನಾಯಿತೆಂಬುದನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿಡಬೇಕು. ಅದೇ ದಿನ ಕುಂಜ್ರು ಅವರ ತಿದ್ದುಪಡಿ ಬಿದ್ದುಹೋಯಿತು. ನೌಕರಿಗಳ ಮೀಸಲಾತಿಗೆ ಸಂವಿಧಾನದಲ್ಲಿ ಹತ್ತು ವರ್ಷಗಳ ಗಡುವು ಎಂದೂ ಇದ್ದದ್ದಿಲ್ಲ. ಹತ್ತು ವರ್ಷಗಳ ಗಡುವು ಸೇರಿದ್ದು ಲೋಕಸಭೆ ಮತ್ತು ವಿಧಾನಸಭೆಗಳ ಮೀಸಲು ಸ್ಥಾನಗಳನ್ನು ಕುರಿತ ೩೩೪ನೆಯ ಅನುಚ್ಛೇದಕ್ಕೆ. ಅದನ್ನು ಹತ್ತು ಹತ್ತು ವರ್ಷಗಳಂತೆ ಮುಂದುವರಿಸುತ್ತ ಬಂದು, ೧೦೪ನೆಯ ತಿದ್ದುಪಡಿಯ ಮೂಲಕ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮಟ್ಟಿಗೆ ೨೦೩೦ರವರೆಗೆ ವಿಸ್ತರಿಸಲಾಗಿದೆ. ಎರಡು ಬೇರೆ ಅನುಚ್ಛೇದಗಳನ್ನು ಬೆರೆಸಿ ಆಡುವ ಮಾತು ಜನಜನಿತವಾಗಿದೆ. ಸಭೆ ಆ ಸೂಚನೆಯನ್ನು ಕೇಳಿ, ತೂಗಿ, ನಿರಾಕರಿಸಿತ್ತು; ನಿರಾಕರಿಸಬೇಕೆಂದು ಹೇಳಿದವರಲ್ಲಿ ಮೈಸೂರಿನ ಸದಸ್ಯರೊಬ್ಬರಿದ್ದರು.

೬

ಅರ್ಥದ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ತೀರಲಿಲ್ಲ. ಚರ್ಚೆಗೆ ಉತ್ತರ ಹೇಳುತ್ತ ಡಾ. ಅಂಬೇಡ್ಕರ್ ಅವರು, ಸಮಾನ ಅವಕಾಶದ ತತ್ತ್ವವನ್ನು ವಿನಾಯಿತಿಯು ನುಂಗಿಬಿಡದಂತೆ ತಡೆಯಲು ‘ಹಿಂದುಳಿದ’ ಎಂಬ ಪದವನ್ನು ಹಾಕಿದೆಯೆಂದೂ, ಹಿಂದುಳಿದ ಸಮುದಾಯ ಯಾವುದೆಂಬುದನ್ನು ಆಯಾ ಸರ್ಕಾರಗಳೇ ನಿರ್ಣಯಿಸಬೇಕೆಂದೂ, ಮೀಸಲಾತಿ ಮಿತಿಮೀರಿದರೆ ನ್ಯಾಯಾಲಯದ ಮೊರೆ ಹೋಗಬಹುದೆಂದೂ ಹೇಳಿದರು. ಹೀಗಾಗಿ ಪದ ಉಳಿಯಿತು. ಅದರ ಅರ್ಥವನ್ನು ಸರ್ಕಾರಕ್ಕೂ ನ್ಯಾಯಾಲಯಕ್ಕೂ ಬಿಟ್ಟಂತಾಯಿತು. ೧೯೫೧ರ ಏಪ್ರಿಲ್‌ನಲ್ಲಿ ಮದರಾಸಿನ ಕೋಮುವಾರು ಆಜ್ಞೆಗಳನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಆ ವರ್ಷವೇ ಮೊದಲನೆಯ ತಿದ್ದುಪಡಿಯಿಂದ ೧೫ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡ ಸೇರಿ, ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ’ ಎಂಬ ಜೋಡುನುಡಿ ಮೂಲಭೂತ ಹಕ್ಕುಗಳ ಭಾಗಕ್ಕೆ ಬಂದಿತು.

ಇಲ್ಲಿಂದ ಮುಂದೆ ಮೈಸೂರೇ ವ್ಯಾಜ್ಯದ ಕಣವಾದದ್ದು ವಿಧಿಯ ವಿನೋದ. ಪದದ ಅರ್ಥ ನಮಗೆ ಗೊತ್ತಿದೆ ಎಂದು ಯಾವ ಸೀಮೆಯ ಪ್ರತಿನಿಧಿ ಹೇಳಿದ್ದರೋ ಆ ಸೀಮೆಯಿಂದಲೇ ಅರ್ಥ ಗೊತ್ತಿಲ್ಲವೆಂಬ ಮೊಕದ್ದಮೆಗಳು ಸಾಲಾಗಿ ಹೊರಟವು. ಕೃಷ್ಣಮಾಚಾರಿಯವರ ಹಾಸ್ಯ ನಿಜವಾದದ್ದು ಇಲ್ಲಿಯೇ. ಕಾರಣ ಕಾಣದಿರುವಂಥದಲ್ಲ. ೧೯೫೬ರಲ್ಲಿ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದಾಗ ಹಿಂದುಳಿದವರ ಪಟ್ಟಿಗಳೂ ಹಲವಾದವು. ಹಳೆಯ ಮೈಸೂರಿನ ರೂಢಿಯನ್ನೇ ಹಿಡಿದು, ೧೯೫೮ರಲ್ಲಿ ಬ್ರಾಹ್ಮಣರನ್ನು ಬಿಟ್ಟು ಮಿಕ್ಕವರೆಲ್ಲ ಹಿಂದುಳಿದವರೆಂಬ ಆಜ್ಞೆ ಹೊರಟು ಉಚ್ಚ ನ್ಯಾಯಾಲಯದಲ್ಲಿ ಬಿದ್ದಿತು. ನಾಗನಗೌಡ ಸಮಿತಿಯ ವರದಿಯ ಮೇಲೆ ೧೯೬೨ರ ಜುಲೈನಲ್ಲಿ ಇನ್ನೊಂದು ಆಜ್ಞೆಯಾಯಿತು: ಹಿಂದುಳಿದವರಿಗೆ ನೂರಕ್ಕೆ ೨೮, ಹೆಚ್ಚು ಹಿಂದುಳಿದವರಿಗೆ ೨೨, ಪರಿಶಿಷ್ಟ ಜಾತಿಗೆ ೧೫, ಪಂಗಡಕ್ಕೆ ೩, ಒಟ್ಟು ೬೮. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಾಲಾಜಿ ಮೊಕದ್ದಮೆಯ ತೀರ್ಪು ಇದನ್ನೂ ರದ್ದುಗೊಳಿಸಿತು. ಆ ತೀರ್ಪಿನ ಪ್ರಕಾರ ಹಿಂದುಳಿದಿರುವಿಕೆ ಸಾಮಾಜಿಕವೂ ಶೈಕ್ಷಣಿಕವೂ ಎರಡೂ ಆಗಿರಬೇಕು, ಜಾತಿಯೊಂದೇ ಅಳತೆಯಾಗಕೂಡದು, ಹಿಂದುಳಿದವರಲ್ಲಿ ಹೆಚ್ಚು ಹಿಂದುಳಿದವರೆಂಬ ವಿಭಾಗ ಸಲ್ಲದು, ಒಟ್ಟು ಪ್ರಮಾಣ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕು.

ಈ ತೀರ್ಪನ್ನು ಚನ್ನಯ್ಯನವರ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ವಿಮರ್ಶೆಯ ಕೇಂದ್ರಕ್ಕೆ ಬರುತ್ತೇವೆ. ಅವರು ‘ಇವರೂ ಅವರೂ’ ಎಂದು ಎಣಿಸಿದ್ದರು. ೧೫ನೆಯ ಅನುಚ್ಛೇದದ ‘ಮತ್ತು’ ಎಂಬ ಪದವನ್ನು ನ್ಯಾಯಾಲಯ ‘ಇದೂ ಅದೂ ಒಬ್ಬರಲ್ಲಿಯೇ’ ಎಂದು ಓದಿತು. ಬ್ರಾಹ್ಮಣೇತರರೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ತುಂಬಿದ ಸರ್ಕಾರದ ಅತಿಯನ್ನು ಬಾಲಾಜಿ ತೀರ್ಪು ಕಂಡದ್ದು ಸರಿ. ಹಾಗೆ ತುಂಬುವುದರಿಂದ ನಿಜವಾಗಿ ಕೆಳಗಿದ್ದವರಿಗೇ ನಷ್ಟ. ಆದರೆ ಒಳಗಿನ ಭೇದವನ್ನು ಗುರುತಿಸಲೂ ಅದು ಎಡೆಗೊಡಲಿಲ್ಲ. ಆ ಕೆಲಸಕ್ಕೆ ಮೂವತ್ತು ವರ್ಷ ಹಿಡಿಯಿತು. ೧೯೯೨ರ ನವೆಂಬರ್ ೧೬ರಂದು ಇಂದ್ರಾ ಸಾಹ್ನಿ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠದ ಬಹುಮತವು, ರಚನಾ ಸಭೆಯ ಆ ದಿನದ ಚರ್ಚೆಯನ್ನು ವಿಸ್ತಾರವಾಗಿ ಪರಿಶೀಲಿಸಿ, ೧೬ನೆಯ ಅನುಚ್ಛೇದದಲ್ಲಿ ಒತ್ತು ಸಾಮಾಜಿಕ ಹಿಂದುಳಿದಿರುವಿಕೆಯ ಮೇಲೆಯೇ ಇದೆಯೆಂದೂ, ಅಲ್ಲಿ ಎರಡು ಲಕ್ಷಣಗಳೂ ಒಟ್ಟಿಗೆ ಇರಬೇಕೆಂಬ ನಿಯಮವಿಲ್ಲವೆಂದೂ, ಹಿಂದುಳಿದವರಲ್ಲಿ ಹೆಚ್ಚು ಹಿಂದುಳಿದವರನ್ನು ಬೇರ್ಪಡಿಸಬಹುದೆಂದೂ ಹೇಳಿತು. ೨೦೨೪ರ ಆಗಸ್ಟ್ ೧ರ ದವೀಂದರ್ ಸಿಂಗ್ ತೀರ್ಪು ಪರಿಶಿಷ್ಟ ಜಾತಿಗಳ ಒಳಗೂ ಅಂಥ ಉಪವಿಭಾಗಕ್ಕೆ ಎಡೆಮಾಡಿತು. ಒಂದೇ ಹೆಸರಿನ ಕೆಳಗೆ ಅನೇಕ ಅವಸ್ಥೆಗಳಿವೆ ಎಂಬ ಅರಿವು ಹೀಗೆ ಮೆಲ್ಲಮೆಲ್ಲನೆ ಕಾನೂನಿನ ಅಂಗೀಕ್ರಿಯೆಯನ್ನು ಪಡೆದಿದೆ.

ಈ ಎಲ್ಲ ಬೆಳವಣಿಗೆಗೆ ಚನ್ನಯ್ಯನವರ ನಾಲ್ಕು ವಾಕ್ಯಗಳೇ ಮೂಲವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು. ಆ ಎರಡು ವಾಕ್ಯಗಳ ನಡುವೆ ಒಂದು ತೆರಪಿತ್ತೆಂದೂ, ಮುಂದಿನ ಎಪ್ಪತ್ತೈದು ವರ್ಷಗಳ ವಾದವಿವಾದಗಳು ಬಹುಪಾಲು ಆ ತೆರಪಿನಲ್ಲಿಯೇ ನಡೆದವೆಂದೂ ಹೇಳಬಹುದು.

೭

ಕೊನೆಯದಾಗಿ ಅಧ್ಯಾಪಕಮಿತ್ರರಲ್ಲಿ ಒಂದು ವಿಜ್ಞಾಪನೆ. ಸಾಮಾಜಿಕ ನ್ಯಾಯವನ್ನು ಕುರಿತು ತರಗತಿಯಲ್ಲಿ ಮಾತು ಬಂದಾಗ ನಾವು ಹೆಚ್ಚಾಗಿ ತೀರ್ಪುಗಳಿಂದ ಪ್ರಾರಂಭಿಸುತ್ತೇವೆ. ಇಲ್ಲವೇ ವರ್ತಮಾನ ಪತ್ರಿಕೆಯಿಂದ. ಸೂಚನಾಫಲಕದ ಅಂಕಿಗಳ ಮುಂದೆ ನಿಂತ ಹುಡುಗನಿಗೋ ಹುಡುಗಿಗೋ ಅವು ಆಕಾಶದಿಂದ ಉದುರಿದಂತೆ ತೋರಿದರೆ ಆಶ್ಚರ್ಯವಿಲ್ಲ. ೧೯೧೮ರ ಸಮಿತಿ, ೧೯೨೧ರ ಆಜ್ಞೆ, ೧೯೪೮ರ ಚರ್ಚೆ, ೧೯೬೨ರ ತೀರ್ಪು, ೧೯೭೫ರ ಹಾವನೂರ ಆಯೋಗದ ವರದಿ, ಅದರ ಮುಂದಿನ ವೆಂಕಟಸ್ವಾಮಿ ಮತ್ತು ಚಿನ್ನಪ್ಪ ರೆಡ್ಡಿ ಆಯೋಗಗಳು, ಇವನ್ನು ಒಂದರ ಹಿಂದೊಂದು ಜೋಡಿಸಿದರೆ ಪ್ರವರ್ಗಗಳ ಆ ಪಟ್ಟಿ ಒಂದು ಪದದ ಅರ್ಥವನ್ನು ಹುಡುಕುತ್ತ ಈ ನಾಡು ನಡೆದ ದಾರಿಯೆಂಬುದು ಗೊತ್ತಾಗುತ್ತದೆ. ಪಟ್ಟಿಯಲ್ಲಿ ತಪ್ಪಿದ್ದರೆ ತಿದ್ದಬೇಕು. ತಿದ್ದುವವನಿಗೆ ದಾರಿ ತಿಳಿದಿರಬೇಕು.

ಆ ದಾರಿಯಲ್ಲಿ ಚನ್ನಯ್ಯನವರ ಭಾಷಣ ಒಂದು ಮೈಲಿಗಲ್ಲು. ದೊಡ್ಡದಲ್ಲ, ಆದರೆ ಅದರ ಮೇಲಿನ ಅಕ್ಷರ ಇನ್ನೂ ಅಳಿದಿಲ್ಲ. ತನ್ನ ಸೀಮೆಯ ಅನುಭವವನ್ನು ಹಿರಿಯ ಸಭೆಯ ಮುಂದೆ ಸಂಕೋಚವಿಲ್ಲದೆ ಇಟ್ಟದ್ದು ಅದರ ಗುಣ. ಆ ಅನುಭವದ ಕೊರತೆಯನ್ನೂ ಅದೇ ಉಸಿರಿನಲ್ಲಿ ಸೂಚಿಸಿದ್ದು ಅದಕ್ಕಿಂತ ಹಿರಿಯ ಗುಣ. ರಚನಾ ಸಭೆಯ ನಡವಳಿಕೆಗಳು ಎಲ್ಲರಿಗೂ ದೊರೆಯುವಂತೆ ಅಚ್ಚಾಗಿವೆ. ಮೈಸೂರಿನ ಉಳಿದ ಸದಸ್ಯರ ಮಾತುಗಳೂ ಕೊಡಗು, ಮುಂಬಯಿ, ಮದರಾಸುಗಳ ಕಡೆಯ ಕನ್ನಡಿಗರ ಮಾತುಗಳೂ ಅಲ್ಲಿ ಓದುವವರನ್ನು ಕಾಯುತ್ತಿವೆ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದಿನ ಸಾಲನ್ನು ದಾಟಿ ಹಿಂದಿನ ಸಾಲಿನವರೆಗೆ ಓದುವುದಾದರೆ, ನಮ್ಮ ಸಂವಿಧಾನದಲ್ಲಿ ಈ ನಾಡಿನ ಪಾಲೆಷ್ಟು ಎಂಬುದರ ಲೆಕ್ಕವನ್ನು ಹೊಸದಾಗಿ ಬರೆಯಬೇಕಾದೀತೆಂದು ನಾವು ನಂಬಿದ್ದೇವೆ.